ಉಧ್ನಾದಲ್ಲಿ ಹೊತ್ತಿಕೊಂಡ ಹೆಸರು

ಹಯವದನ ಕುಲಕರ್ಣಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ಯಾವಾಗ ಎಂಬುದು ಅವನ ಹೆಂಡತಿ ಸಾವಿತ್ರಿಗೂ ಸರಿಯಾಗಿ ಗೊತ್ತಿಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಾಗಲಕೋಟೆಯಿಂದ ಸೂರತ್ತಿಗೆ ಬಂದಾಗ ಅವನು ಎಲ್ಲರಂತೆ ಪೇಪರು ಓದಿ, ಊಟ ಮಾಡಿ, ಮಲಗುವ ಮನುಷ್ಯನಾಗಿದ್ದ. ಅಡಾಜಣ್‌ನ ಫ್ಲ್ಯಾಟಿಗೆ ಒಂದು ಕಂಪ್ಯೂಟರ್ ಬಂದದ್ದೇ ತಡ, ಕೈಗೆ ಸಿಗದಂತಾದ. ಬ್ಯಾಂಕಿನಿಂದ ಬಂದವನೇ ಬೂಟು ಬಿಚ್ಚುವ ಮೊದಲು ಫೋನ್ ಲೈನಿಗೆ ಮೋಡೆಮ್ ಹಚ್ಚುತ್ತಿದ್ದ. ಅದು ಕಿರ್ರೆಂದು ಅರಚಿ, ಕೆಮ್ಮಿ, ಕೊನೆಗೆ ತೆಪ್ಪಗಾದಾಗ ಇವನ ಮುಖ ಅರಳುತ್ತಿತ್ತು. ಒಂದು ಹಾಡು ಇಳಿಸಿಕೊಳ್ಳಲು ಅರ್ಧ ಗಂಟೆ. ಅದು ಇನ್ನೇನು ಇಳಿಯಿತು ಎನ್ನುವಾಗ ಸಾವಿತ್ರಿ ಫೋನಿನ ರಿಸೀವರ್ ಎತ್ತಿದರೆ ಮುಗಿಯಿತು, ಹಾಡೂ ಹೋಯಿತು, ಮನೆಯ ನೆಮ್ಮದಿಯೂ ಹೋಯಿತು.

“ಯಾವಾಗ ಹಚ್ಚಿದ್ರೂ ಫೋನ್ ಎಂಗೇಜ್ ಅಂತ ಊರಾಗ ಎಲ್ಲಾರೂ ಬೈತಾರ. ನಮ್ಮವ್ವಗ ಏನರ ಆದ್ರ ನನಗ ಸುದ್ದಿ ಹೆಂಗ ಮುಟ್ಟಬೇಕ್ರಿ?” ಎಂದು ಅವಳು ಕೇಳಿದರೆ, “ಈ-ಮೇಲ್ ಮಾಡ್ಲಿಕ್ಕೆ ಹೇಳು” ಎನ್ನುತ್ತಿದ್ದ ಮಹಾರಾಯ. ಎಪ್ಪತ್ತು ದಾಟಿದ ಅತ್ತೆಗೆ ಈ-ಮೇಲ್! ಸಾವಿತ್ರಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆದರೆ ಸೂರತ್ತಿನ ಕನ್ನಡದವರ ಮನೆಗಳಲ್ಲಿ ಅವನಿಗೆ ರಾಜಮರ್ಯಾದೆ. ಯಾರೇ ಕಂಪ್ಯೂಟರ್ ಕೊಂಡರೂ ಜೋಡಿಸಲು ಹಯವದನನೇ ಬೇಕು. ಆಟಗಳನ್ನು ತುಂಬಿಕೊಡುವವನು ಅವನು, ಸಿನಿಮಾದ ಸಿ.ಡಿ. ತಡವರಿಸದೆ ಓಡುವಂತೆ ಮಾಡುವವನು ಅವನು, ಮಕ್ಕಳ ಹುಟ್ಟುಹಬ್ಬದ ಫೋಟೋಗಳಿಗೆ ಹಾಡು ಹೊಂದಿಸಿ ಕೊಡುವವನೂ ಅವನೇ. ಬದಲಿಗೆ ಎರಡು ಲೋಟ ಕಾಫಿ ಸಿಕ್ಕರೆ ಸಾಕು.

ಹಾಗೆ ಹೋದ ಮನೆಗಳಲ್ಲೇ ಒಂದು ರಾಮಕೃಷ್ಣನದು. ಹಾಸನದ ಕಡೆಯವನು, ಸೂರತ್ತಿನಲ್ಲೇ ಉಧ್ನಾದ ಒಂದು ಬಟ್ಟೆ ಗಿರಣಿಯಲ್ಲಿ ಇಂಜಿನಿಯರ್. ಒಂದೇ ಸಂಜೆಯಲ್ಲಿ ಇಬ್ಬರೂ ಏಕವಚನಕ್ಕೆ ಇಳಿದರು. ಆಮೇಲೆ ದಿನಾ ಮೆಸೆಂಜರಿನಲ್ಲಿ ಹರಟೆ. ಆ ಮೆಸೆಂಜರನ್ನು ನೋಡದವರಿಗೆ ಒಂದು ಮಾತು ಹೇಳಬೇಕು: ಅದರಲ್ಲಿ ಗೆಳೆಯರ ಹೆಸರುಗಳ ಒಂದು ಸಾಲು ಇರುತ್ತಿತ್ತು. ಗೆಳೆಯ ಇಂಟರ್ನೆಟ್ಟಿಗೆ ಬಂದರೆ ಅವನ ಹೆಸರಿನ ಪಕ್ಕದ ಪುಟ್ಟ ಮುಖ ಹಳದಿಯಾಗಿ ಹೊತ್ತಿಕೊಳ್ಳುತ್ತಿತ್ತು, ಹೋದರೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ರಾಮಕೃಷ್ಣ ಪಾಸ್‌ವರ್ಡ್ ಮರೆಯುವುದರಲ್ಲಿ ಎತ್ತಿದ ಕೈ. ಸಾಕಾಗಿ ಹೋಗಿ ಹಯವದನ ಅದರಲ್ಲಿ ಒಂದು ಟಿಕ್ ಹಾಕಿಕೊಟ್ಟಿದ್ದ. ಆ ಟಿಕ್ ಇದ್ದರೆ ಏನೂ ಕೇಳುವುದಿಲ್ಲ, ಫೋನ್ ಲೈನ್ ಹತ್ತಿದ ತಕ್ಷಣ ಹೆಸರು ತಾನಾಗಿ ಹೊತ್ತಿಕೊಳ್ಳುತ್ತದೆ.

2003ರ ಗೌರಿ ಹಬ್ಬಕ್ಕೆ ರಾಮಕೃಷ್ಣನ ಹೆಂಡತಿ ಶಾರದಾಳನ್ನು ಅವಳ ಅಣ್ಣ ಅಚ್ಯುತ ಅಹಮದಾಬಾದಿಗೆ ಕರೆಸಿಕೊಂಡ. ತವರೆಂದು ಅವಳಿಗೆ ಉಳಿದಿದ್ದದ್ದು ಅಲ್ಲಿನ ವಸ್ತ್ರಾಪುರದ ಆ ಅಣ್ಣನ ಮನೆಯೊಂದೇ. ಅದೇ ವಾರ ಹಯವದನ ಬ್ಯಾಂಕಿನ ತರಬೇತಿಗೆಂದು ವಡೋದರಾದಲ್ಲಿದ್ದ. ಸಂಜೆ ಸ್ಟೇಷನ್ನಿನ ಹತ್ತಿರದ ಸೈಬರ್ ಕೆಫೆಗೆ ಹೋದರೆ ರಾಮಕೃಷ್ಣನ ಹೆಸರು ಹಳದಿಯಾಗಿತ್ತು.

“ಮೈ ಸುಡ್ತಿದೆ ಕಣೋ,” ಎಂದು ರಾಮಕೃಷ್ಣ ಬರೆದ. ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಬೇಕಿತ್ತು. “ಶಾರದಾಗೆ ಹೇಳ್ಬೇಡ. ಹಬ್ಬ ಬಿಟ್ಟು ಓಡಿ ಬಂದುಬಿಡ್ತಾಳೆ.”

ಹಯವದನ ಒಂದು ನಗುವ ಮುಖ ಕಳಿಸಿದ. “ಗುಳಿಗಿ ನುಂಗು. ಆದರ ಆ ಕಾರ್ ರೇಸಿನ ಆಟದ ಡೌನ್‌ಲೋಡ್ ಮಾತ್ರ ನಿಲ್ಲಸಬ್ಯಾಡ,” ಎಂದು ಬರೆದ. ಮರುದಿನವೂ ಅದೇ ಮಾತು, ಅದೇ ನಗುವ ಮುಖ. ಅದರ ಮಾರನೆಯ ದಿನ ರಾಮಕೃಷ್ಣನ ಹೆಸರು ಹೊತ್ತಿಕೊಳ್ಳಲಿಲ್ಲ. ಮಳೆಗಾಲದ ಸೂರತ್ತಿನ ಜ್ವರ ಅದು, ತಡಮಾಡಿದವರನ್ನು ಬಿಡುವುದಿಲ್ಲ. ಪಕ್ಕದ ಮನೆಯವರು ಆಸ್ಪತ್ರೆಗೆ ಹೊತ್ತೊಯ್ಯುವ ಹೊತ್ತಿಗೆ ಎಲ್ಲ ಕೈಮೀರಿತ್ತು.

ಅಹಮದಾಬಾದಿನಿಂದ ಬಂದ ಶಾರದಾ ಅಳಲೂ ಇಲ್ಲ. ಬಂದವರನ್ನೆಲ್ಲ ಹಿಡಿದು ಒಂದೇ ಪ್ರಶ್ನೆ ಕೇಳಿದಳು: “ಜ್ವರ ಇದೆ ಅಂತ ನಿಮಗೆ ಗೊತ್ತಿತ್ತಾ?” ಹಯವದನನ ಸರದಿಯೂ ಬಂತು. ಅವನು ಇಲ್ಲವೆಂದು ತಲೆಯಾಡಿಸಿಬಿಟ್ಟ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ನಿಜ, ಆದರೆ ಆ ತಲೆಯಾಟ ಆವತ್ತಿನಿಂದ ಅವನ ಎದೆಯ ಮೇಲೆ ಕೂತುಬಿಟ್ಟಿತು. ಎಂದೋ ಒಂದು ದಿನ ಅವಳಿಗೆ ಗೊತ್ತಾದರೆ ಏನು ಗತಿ ಎಂಬುದೇ ಅವನ ದಿನದ ಯೋಚನೆಯಾಯಿತು.

ಅಚ್ಯುತ ತಂಗಿಯನ್ನು ತನ್ನ ಮನೆಗೆ ಕರೆದೊಯ್ದ. ಗಡಿಬಿಡಿಯಲ್ಲಿ ಸಾಮಾನುಗಳನ್ನೆಲ್ಲ ಸಿಕ್ಕಿದವರಿಗೆ ಮಾರಿದ. ಕಂಪ್ಯೂಟರನ್ನು ಉಧ್ನಾದ ಯಾರೋ ಸೀರೆ ವ್ಯಾಪಾರಿ ಕೊಂಡನಂತೆ. ಹಯವದನ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ.

ಚಳಿಗಾಲ ಬಂತು. ಒಂದು ಶನಿವಾರ ಬ್ಯಾಂಕು ಅರ್ಧ ದಿನ. ಹಯವದನ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತು ಹಾಡು ಹುಡುಕುತ್ತಿದ್ದ. ಟಕ್ ಟಕ್ ಎಂದು ಬಾಗಿಲು ತಟ್ಟುವ ಶಬ್ದವಾಯಿತು. ಯಾರೋ ಗೆಳೆಯ ಬಂದಾಗ ಮೆಸೆಂಜರ್ ಮಾಡುವ ಶಬ್ದವದು. ನೋಡಿದ. ರಾಮಕೃಷ್ಣನ ಹೆಸರು ಹಳದಿಯಾಗಿ ಹೊತ್ತಿಕೊಂಡಿತ್ತು.

ಹಾಡು ಹಾಡುತ್ತಲೇ ಇತ್ತು, ಅಡುಗೆಮನೆಯಲ್ಲಿ ಸಾವಿತ್ರಿ ಪಾತ್ರೆ ತೊಳೆಯುತ್ತಲೇ ಇದ್ದಳು, ಹೊರಗೆ ಭರ್ರೆಂದು ರಿಕ್ಷಾ ಓಡಾಡುತ್ತಿದ್ದವು. ಹಾಡುಹಗಲು. ಅವನು “ಯಾರು?” ಎಂದು ಕುಟ್ಟಿದ. ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಹೆಸರು ಬೂದಿಯಾಯಿತು.

ಕಂಪ್ಯೂಟರ್ ಬಲ್ಲವನಿಗೆ ಕಾರಣ ಹೊಳೆಯಲು ಎಷ್ಟು ಹೊತ್ತು ಬೇಕು? ಮಾರಿದ ಡಬ್ಬಿಯೊಳಗಿನ ಯಾವುದನ್ನೂ ಯಾರೂ ಅಳಿಸಿಲ್ಲ. ವ್ಯಾಪಾರಿ ಫೋನ್ ಲೈನ್ ಹಚ್ಚಿದಾಗಲೆಲ್ಲ ತಾನು ಹಾಕಿದ ಟಿಕ್ಕು ಸತ್ತವನನ್ನು ಎಬ್ಬಿಸಿ ಕೂರಿಸುತ್ತಿದೆ. ಇಷ್ಟೆಲ್ಲ ಗೊತ್ತಾದ ಮೇಲೆ ಹೆದರಿಕೆ ಹೋಗಬೇಕಲ್ಲ, ಹೋಗಲಿಲ್ಲ. ನಗುವ ಆ ಹಳದಿ ಮುಖ ತನ್ನನ್ನೇ ನೋಡುತ್ತಿದೆ, ಹೇಳಿದೆಯೇನೋ ಅವಳಿಗೆ ಎಂದು ಕೇಳುತ್ತಿದೆ ಎನ್ನಿಸುತ್ತಿತ್ತು. ಆ ಹೆಸರನ್ನು ಸಾಲಿನಿಂದ ತೆಗೆದುಹಾಕಬಹುದಿತ್ತು. ಎರಡು ಸಲ ಮೌಸನ್ನು ಅಲ್ಲಿಯವರೆಗೆ ಒಯ್ದು ಕೈ ಹಿಂದಕ್ಕೆ ತೆಗೆದ. ಆಟ, ಸಿನಿಮಾ ಎಲ್ಲ ಬೇಡವಾದವು. ಶನಿವಾರ ಬಂತೆಂದರೆ ಕಂಪ್ಯೂಟರಿನ ಮುಂದೆ ಹೋಗಲೂ ಭಯ, ಹೋಗದಿರಲೂ ಆಗದು.

“ಏನಾಗೇದ ನಿಮಗ? ಸುಮ್ಮ ಕೂತಬಿಡ್ತೀರಿ,” ಎಂದಳು ಸಾವಿತ್ರಿ. “ಮೊದಲ ಆ ಡಬ್ಬಿ ಒದರತಿತ್ತು, ನೀವು ನಗತಿದ್ರಿ. ಅದ ಛಲೋ ಇತ್ತು ನೋಡ್ರಿ.”

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಶಾರದಾ ಫೋನ್ ಮಾಡಿದಳು. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದಳು: “ಅವರ ಹೆಸರು ಹತ್ತಿಕೊಳ್ಳತ್ತಲ್ಲ, ನೀವೂ ನೋಡಿದ್ರಾ?”

ಹಯವದನ ನೋಡಿದ್ದೇನೆಂದ. ಟಿಕ್ಕಿನ ಕತೆಯನ್ನು ತಡವರಿಸುತ್ತ ವಿವರಿಸಿ, “ನಾ ಹೋಗಿ ತೆಗದು ಬರ್ತೀನಿ” ಎಂದ.

“ಬೇಡ, ಬೇಡ. ಅದು ಅವರಲ್ಲ ಅಂತ ನಂಗೂ ಗೊತ್ತು, ನಂಗೇನು ತಲೆ ಕೆಟ್ಟಿಲ್ಲ,” ಎಂದಳು ಶಾರದಾ. “ಅಣ್ಣ ಆಫೀಸಿಗೆ ಹೋದ್ಮೇಲೆ ದಿನಾ ಅವನ ಕಂಪ್ಯೂಟರ್ ಮುಂದೆ ಕೂತ್ಕೋತೀನಿ. ಮಧ್ಯಾಹ್ನಾನೂ ಒಂದೊಂದ್ಸಲ ಬರತ್ತೆ, ಆದ್ರೆ ಹನ್ನೊಂದರ ಹೊತ್ತಿಗೆ ತಪ್ಪಲ್ಲ. ಬಂದ್ರು ಅಂದ್ಕೊಂಡು ಎದ್ದು ಕುಕ್ಕರ್ ಇಡ್ತೀನಿ. ಅಷ್ಟೇ. ಅದನ್ನ ಆರಿಸ್ಬೇಡಿ.”

ಫೋನ್ ಇಟ್ಟ ಮೇಲೆ ಅವನು ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತ. ಅವಳು ದಿನಾ ಕಾಯುವುದು ಯಾವುದಕ್ಕೋ, ತಾನು ಹೆದರುವುದೂ ಅದಕ್ಕೇ. ಜ್ವರದ ವಿಷಯ ಹೇಳಿಬಿಡಬೇಕಿತ್ತು, ಬಾಯಿ ಬರಲಿಲ್ಲ.

ಆಮೇಲೆ ಅವನು ಹುಡುಕಿಕೊಂಡು ಹೋಗಬೇಕಾಗಿಯೇ ಬರಲಿಲ್ಲ, ಉಧ್ನಾವೇ ಅವನನ್ನು ಹುಡುಕಿಕೊಂಡು ಬಂತು. ಆ ಕಂಪ್ಯೂಟರ್ ಕೊಂಡ ಸೀರೆ ವ್ಯಾಪಾರಿ ಧನಸುಖಭಾಯಿಗೆ ಹಯವದನನ ಬ್ಯಾಂಕಿನಲ್ಲೇ ಖಾತೆಯಿತ್ತು. ಅವನ ಅಂಗಡಿಯ ಕಂಪ್ಯೂಟರಿಗೆ ವೈರಸ್ ಬಡಿದು ಆಮೆಯ ನಡಿಗೆಯಾಗಿತ್ತು. ಕೌಂಟರಿನಲ್ಲಿ ಯಾರೋ ಹಯವದನನ ಹೆಸರು ಹೇಳಿದ್ದರು. ಒಂದು ರಜೆಯ ದಿನ ಬೆಳಿಗ್ಗೆ ಅವನು ಸ್ಕೂಟರಿನಲ್ಲಿ ಹೋದ. ಮಗ್ಗಗಳ ಸದ್ದಿನ ನಡುವಿನ ಚಿಕ್ಕ ಆಫೀಸು. ಮೇಜಿನ ಮೇಲೆ ಕೂತಿದ್ದ ಮಾನಿಟರಿನ ಹಣೆಗೆ ಶಾರದಾ ಹಿಂದೊಮ್ಮೆ ಇಟ್ಟಿದ್ದ ಕುಂಕುಮದ ಕಲೆ ಹಾಗೆಯೇ ಇತ್ತು.

“ಸಬ್ ಸಾಫ್ ಕರೀ ನಾಖೋ ಸಾಹೇಬ್,” ಎಂದ ಧನಸುಖಭಾಯಿ, ಎಲ್ಲವನ್ನೂ ಅಳಿಸಿಬಿಡಿ ಎಂದು ಕೈಯಾಡಿಸುತ್ತ. “ಪೂರಾ ನಯಾ ಜೈಸಾ. ಇಸ್ ಮೇ ಭೂತ್ ಹೈ, ಸಚ್ಚೀ! ಏಕ್ ದಿನ್ ಅಪ್ನೇ ಆಪ್ ಕುಛ್ ಲಿಖ್ ಕೇ ಆಯಾ, ಮೇರಾ ಮುನೀಮ್ ವೈರ್ ಖೀಂಚ್ ಕೇ ಭಾಗಾ.” ತಾನಾಗಿ ಅಕ್ಷರ ಮೂಡಿಸಿ ಗುಮಾಸ್ತನನ್ನು ವೈರ್ ಕಿತ್ತು ಓಡಿಸಿದ ಆ ಭೂತ ತಾನೇ, ತಾನು ಕುಟ್ಟಿದ “ಯಾರು?” ಅದು ಎಂದು ಹಯವದನ ಹೇಳಲಿಲ್ಲ. ನಗಲೂ ಆಗಲಿಲ್ಲ.

ಎಲ್ಲವನ್ನೂ ಅಳಿಸದೆ ಬೇರೆ ದಾರಿಯಿರಲಿಲ್ಲ. ಅಲ್ಲಿಂದಲೇ ಶಾರದಾಳಿಗೆ ಫೋನ್ ಮಾಡಿದ. ಅವಳು, “ಲೈನ್ ಹಚ್ಚಿ. ನಾನು ಅವರಿಗೆ ಒಂದಿಷ್ಟು ಬರೀತೀನಿ. ನೀವು ಉತ್ತರ ಕೊಡಬೇಡಿ. ಮುಗಿದ್ಮೇಲೆ ಆರಿಸಿ” ಎಂದಳು. ಹಯವದನ ಲೈನ್ ಹಚ್ಚಿದ. ಮೋಡೆಮ್ ಅರಚಿ ಸುಮ್ಮನಾಯಿತು. ರಾಮಕೃಷ್ಣನ ಹೆಸರಿನಲ್ಲಿ, ರಾಮಕೃಷ್ಣನ ಜಾಗದಲ್ಲಿ ಅವನು ಕೂತ. ಮಾನಿಟರಿನಲ್ಲಿ ಹರಟೆಯ ಕಿಟಕಿಯೊಂದು ತೆರೆಯಿತು.

“ರೀ,” ಎಂದು ಬಂತು. ಹಿಂದೆಯೇ ಒಂದೊಂದಾಗಿ ಸಾಲುಗಳು ಬಂದವು. ಅಣ್ಣನ ಮನೆ ಚೆನ್ನಾಗಿದೆ. ಅತ್ತಿಗೆ ಒಳ್ಳೆಯವಳು. ನಿಮ್ಮ ಶರ್ಟುಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಅವನು ಪರರ ಮನೆಯ ಕೋಣೆಗೆ ಹೊಕ್ಕವನಂತೆ ಮುದುಡಿ ಓದಿದ. ಮತ್ತೆ ಬಂತು:

“ಜ್ವರ ಅಂತ ಯಾಕ್ರೀ ಯಾರಿಗೂ ಹೇಳಲಿಲ್ಲ? ಒಬ್ಬರಿಗಾದರೂ ಹೇಳಬಾರದಿತ್ತಾ? ನನ್ನ ಮೇಲೆ ಅಷ್ಟೊಂದು ಕೋಪವಿತ್ತಾ? ಹಬ್ಬಕ್ಕೆ ಹೋದೆ ಅಂತಲಾ?”

ಇಷ್ಟು ತಿಂಗಳಿಂದ ಇವಳು ಇದನ್ನು ನಂಬಿಕೊಂಡು ಸಾಯುತ್ತಿದ್ದಾಳೆ. ಎಂದೂ ಇರದಿದ್ದ ಒಂದು ಕೋಪವನ್ನು ಗಂಡನ ಮೇಲೆ ಹೊರಿಸಿ, ತನ್ನನ್ನೇ ತಿಂದುಕೊಳ್ಳುತ್ತಿದ್ದಾಳೆ. ತಾನು ಸುಮ್ಮನೆ ಈ ಡಬ್ಬಿಯನ್ನು ಅಳಿಸಿದರೆ ಸಾಕು, ಯಾರಿಗೂ ಎಂದೂ ಏನೂ ಗೊತ್ತಾಗುವುದಿಲ್ಲ. ಅವಳು ಮಾತ್ರ ಹೀಗೆಯೇ ಉಳಿಯುತ್ತಾಳೆ.

“ನನಗ ಹೇಳಿದ್ದ,” ಎಂದು ಕುಟ್ಟಿದ. “ಎರಡು ದಿನಾನೂ ಹೇಳಿದ್ದ. ಕೋಪ ಇರಲಿಲ್ಲ. ನಿಮಗ ಹೇಳಿದ್ರ ಹಬ್ಬ ಬಿಟ್ಟು ಓಡಿ ಬರ್ತೀರಿ ಅಂದ. ನಾನ ಸುಮ್ಮನಿದ್ದೆ. ನೀವು ಕೇಳಿದಾಗ ಇಲ್ಲ ಅಂದೆ. ನಾನು ಹಯವದನ.”

ಗಂಡನ ಹೆಸರಿನ ಕೆಳಗೆ ಆ ಸಾಲುಗಳು ಹೋಗಿ ಕೂತವು. ಶಾರದಾ ಬರೆಯುತ್ತಿದ್ದಾಳೆ ಎಂದು ಮೆಸೆಂಜರ್ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

“ಇನ್ನೇನು ಹೇಳಿದ್ರು?”

ಅವನು ನೆನಪು ಮಾಡಿಕೊಂಡು ಬರೆದ. ಮೊಸರನ್ನ ಮಾಡಿಕೊಂಡಿದ್ದೆ, ಉಪ್ಪು ಹೆಚ್ಚಾಯಿತು ಅಂದಿದ್ದ.

“ಇನ್ನೇನು?”

ಗೌರಿಗೆ ನೀವು ಯಾವ ಸೀರೆ ಉಟ್ಟಿರಿ ಅಂತ ಫೋನಿನಲ್ಲಿ ಕೇಳಲು ಮರೆತೆ ಅಂದಿದ್ದ.

“ಇನ್ನೇನು?”

ಇನ್ನೇನೂ ಇರಲಿಲ್ಲ. ಏನಾದರೊಂದು ಕಟ್ಟಿ ಹೇಳಲು ಅವನಿಗೆ ಮನಸ್ಸಾಯಿತು, ಅವಳ ಹಸಿವು ಅಂಥದ್ದು. “ಇಷ್ಟ ನೋಡ್ರಿ,” ಎಂದು ಬರೆದ.

ಉತ್ತರ ಬಂತು: “ಹಸಿರು ಸೀರೆ ಅಂತ ಹೇಳಿ.” ಅದರ ಕೆಳಗೆ ಇನ್ನೊಂದು ಸಾಲು: “ನೀವು ಒಂದು ಫೋನ್ ಮಾಡಿದ್ರೆ ನಾನು ಆ ರಾತ್ರಿ ಗಾಡಿಗೇ ಬರ್ತಿದ್ದೆ.” ಅಷ್ಟು ಬರೆದು ಅವಳು ಹೋದಳು.

ಹಯವದನ ಖಾಲಿ ಕಿಟಕಿಯಲ್ಲಿ “ಹಸಿರು ಸೀರೆ” ಎಂದು ಕುಟ್ಟಿದ, ಯಾರಿಗೆ ಕಳಿಸಬೇಕೋ ತಿಳಿಯದೆ ಅಳಿಸಿದ. ಆಮೇಲೆ ಡಿಸ್ಕನ್ನೂ ಅಳಿಸಿ, ಎಲ್ಲವನ್ನೂ ಹೊಸದಾಗಿ ತುಂಬಿ, ಧನಸುಖಭಾಯಿ ಕೊಟ್ಟ ಚಹಾ ಕುಡಿದು ಮನೆಗೆ ಬಂದ.

ಶಾರದಾ ಆಮೇಲೂ ಹಬ್ಬಕ್ಕೆ ಸಾವಿತ್ರಿಗೆ ಫೋನ್ ಮಾಡುತ್ತಿದ್ದಳು, ಕೆಲಸ ಸಿಕ್ಕಿದ್ದನ್ನೂ ಹೇಳಿದಳು. ಹಯವದನನಿಗೆ ಕೊಡಿ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಅವನ ಮೆಸೆಂಜರಿನಲ್ಲಿ ಈಗ ರಾಮಕೃಷ್ಣನದೂ ಶಾರದಾಳದೂ ಎರಡು ಹೆಸರುಗಳು ಸದಾ ಬೂದಿ ಬಣ್ಣದಲ್ಲಿದ್ದವು. ಸತ್ತವನ ಹೆಸರನ್ನು ನೋಡಿದರೆ ಅವನಿಗೆ ಹೆದರಿಕೆಯಾಗುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಅವನು ಕಾಯುತ್ತ ಕೂರುತ್ತಿದ್ದದ್ದು ಇನ್ನೊಂದಕ್ಕೆ.