ಕಾಫಿ ಮರದ ನಟ್ಟು

ನನ್ನ ಮೊಮ್ಮಗಳು ಬೇಸ್ ಗಿಟಾರ್ ಮಾಡಿದ್ದಾಳೆ. ಕೊಂಡದ್ದಲ್ಲ, ಮಾಡಿದ್ದು. ನಾಪೋಕ್ಲು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿ ಮುಗಿದಿದೆ. ಕಂಡಕ್ಟರ್ ಈಗ ನನ್ನನ್ನು ಕಂಡರೆ ಹಿಂದಿನ ಬಾಗಿಲಿಗೆ ಹೋಗುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವನು, ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಈ ಸಂತೋಷ ನನಗೆ ತಡವಾಗಿ ಬಂತು. ಗಿಟಾರ್ ಆಗುತ್ತಿದ್ದಾಗ ನಾನು ಮರಗಟ್ಟಿ ಕೂತಿದ್ದೆ. ಹೆಂಡತಿ ತೀರಿಹೋಗಿ ವರ್ಷ ಆಗಿರಲಿಲ್ಲ. ಅತ್ತದ್ದೂ ಇಲ್ಲ. ಬಡಿಸಿದರೆ ಉಂಡೆ, ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯಲಿಲ್ಲ. ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿದ ಕೈ ಉಳಿ ಮುಟ್ಟದೆ ಬಿದ್ದಿತ್ತು. ಮೊಮ್ಮಗಳು ನನ್ನದೇ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಮರ ಉಜ್ಜಿದಳು. ನಾನು ಜಗಲಿಯಲ್ಲಿ ಕೂತು ಆ ಶಬ್ದ ಕೇಳಿದೆ, ಅಷ್ಟೆ.

ಒಂದು ದಿನ ಬಂದು, "ಅಜ್ಜ, ನಟ್ ಒಂದು ಬಾಕಿ. ನೀನೇ ಮಾಡ್ಕೊಡು" ಅಂದಳು. ನಾನು ಡಬ್ಬಿ ತಡಕಿ ಕಾಲಿಂಚಿನ ಕಬ್ಬಿಣದ ನಟ್ಟು ಕೊಟ್ಟೆ.

"ಇದನ್ನ ಟ್ರ್ಯಾಕ್ಟರಿಗೆ ಹಾಕು" ಅಂತ ನಕ್ಕಳು.

ಗಿಟಾರಿನ ಕುತ್ತಿಗೆಯ ತುದಿಯಲ್ಲಿ ಬೆರಳುದ್ದವೂ ಇಲ್ಲದ ಒಂದು ಪಟ್ಟಿ ಕೂರಬೇಕು, ನಾಲ್ಕು ತಂತಿಗೆ ನಾಲ್ಕು ಕಚ್ಚು. ಅದಕ್ಕೆ ನಟ್ ಅನ್ನುತ್ತಾರಂತೆ. ಎಲುಬಿನಲ್ಲಿ ಮಾಡುವುದು ರೂಢಿಯಂತೆ. ಲಿಂಗ ಕಟ್ಟಿದ ಮನೆ ನಮ್ಮದು, ಎಲುಬು ಅವಳೇ ಬೇಡ ಅಂದುಕೊಂಡಿದ್ದಳು. ಕಿತ್ತು ಹಾಕಿದ ಹಳೆ ರೋಬಸ್ಟಾ ಗಿಡದ ಬುಡವನ್ನು ತುಂಡು ಮಾಡಿ ಒಣಗಿಸಿದ್ದಳು. ಕಾಫಿ ಮರ ಬಲು ಗಟ್ಟಿ, ಆದರೆ ಒಣಗುವಾಗ ಸೀಳುತ್ತದೆ. ಉಳಿದವೆಲ್ಲ ಸೀಳಿ ಒಂದೇ ಒಂದು ತುಂಡು ನೆಟ್ಟಗಿತ್ತು. ಅದೂ ಕೆಟ್ಟರೆ ಅವಳು ಇನ್ನೊಂದು ವರ್ಷ ಕಾಯಬೇಕು.

"ನನ್ನ ಕೈಯಲ್ಲಿ ಆಗಲ್ಲ ಪುಟ್ಟಿ."

"ಆಗದಿದ್ರೆ ಒಲೆಗೆ ಹಾಕೋಣ. ಕೂತ್ಕೊ."

ಕೂತೆ. ಕುತ್ತಿಗೆಯ ಕಂಡಿಗೆ ಸರಿಯಾಗಿ ತುಂಡನ್ನು ಉಜ್ಜಿದೆ. ಬೆರಳಲ್ಲಿ ಒತ್ತಿದರೆ ಕೂರಬೇಕು, ಬೋರಲು ಹಿಡಿದರೂ ಬೀಳಬಾರದು. ಹಾಗೇ ಕೂತಿತು. ಅವಳು ತಂದಿದ್ದ ಸಣ್ಣ ಅರಗಳಿಂದ ನಾಲ್ಕು ಕಚ್ಚು ತೆಗೆದೆ. ತಂತಿ ಏರಿಸಿ, ಬಿರಡೆ ತಿರುಗಿಸಿ ಬಿಗಿ ಮಾಡಿ, ದಪ್ಪ ತಂತಿಯನ್ನು ಮೀಟಿದಳು. ಝಿರ್ರೆಂದಿತು.

"ಒಳಗೆ ದುಂಬಿ ಸೇರ್ಕೊಂಡಿದೆ" ಅಂದವಳು ಟಾರ್ಚ್ ಹಿಡಿದು ನೋಡಿದಳು. "ಏನಜ್ಜ, ಹೊಸಿಲು ಕೂರಿಸಿದ್ದೀಯಲ್ಲ. ಇಷ್ಟು ಮಟ್ಟ ಯಾರು ಕೇಳಿದ್ರು? ತಂತಿ ಈ ಮುಂದಿನ ಅಂಚಲ್ಲಿ ಮಾತ್ರ ಕೂರ್ಬೇಕು. ಅಲ್ಲಿಂದ ಬಿರಡೆ ಕಡೆಗೆ ಇಳಿಜಾರು."

ಜೀವಮಾನವಿಡೀ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಕೆತ್ತಿದವನು. ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತ್ತು. ನನಗೆ ಬೇಜಾರೂ ಆಗಲಿಲ್ಲ. ಆಗಲಿಲ್ಲವಲ್ಲ ಅಂತಲೇ ಸ್ವಲ್ಪ ಹೆದರಿಕೆಯಾಯಿತು. ಇನ್ನು ಕಚ್ಚಿನ ತಳ ಹೆರೆಯುವಾಗ ಮುಂದಿನ ಅಂಚು ಕೂದಲೆಳೆಯಷ್ಟು ತಗ್ಗಿದರೂ ತಂತಿ ಕುತ್ತಿಗೆಯ ಮೇಲಿನ ಅಡ್ಡ ಕಂಬಿಗೆ ಬಡಿಯುತ್ತದೆ, ತುಂಡು ಹೋದ ಹಾಗೆ.

"ನೀನೇ ಉಜ್ಜು" ಅಂದೆ.

"ಈ ಊರಲ್ಲಿ ಇಳಿಜಾರಿಲ್ದೆ ಮನೆಗೆ ಮಾಡು ಕಟ್ಟಿದ್ದೀಯಾ ನೀನು? ಹಾಗೆ ಅಂದ್ಕೊ. ಮುಂದಿನ ಅಂಚು ಮಾಡಿನ ನೆತ್ತಿ. ನೀರು ಬಿರಡೆ ಕಡೆಗೆ ಹೋಗ್ಬೇಕು."

ಅರ ಹಿಡಿದೆ. ನೆತ್ತಿ ಬಿಟ್ಟು, ಹಿಂದಕ್ಕೆ, ಒಂದೊಂದೇ ಎಳೆತ. ಬೆವರು ಹಣೆಯಿಂದ ಇಳಿದು ಕಣ್ಣು ಉರಿಯಿತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ. ನಾಲ್ಕೂ ಮುಗಿಯುವಾಗ ಬೆನ್ನು ನೋಯುತ್ತಿತ್ತು. ಬಹಳ ದಿನದ ಮೇಲೆ ನೋವು ಅಂತ ತಿಳಿದದ್ದು ಅವತ್ತೇ.

ಗಿಟಾರನ್ನು ಬೆಂಚಿನ ಮೇಲೇ ಒರಗಿಸಿಕೊಂಡು ಅದೇ ತಂತಿ ಮೀಟಿದಳು. ಝಿರ್ ಇಲ್ಲ. ದಪ್ಪ ಶಬ್ದ, ನಿಧಾನಕ್ಕೆ ಹೋಯಿತು. ಬೆಂಚಿನ ಹಲಗೆಯಲ್ಲಿ ನನ್ನ ಮೊಣಕೈ ತನಕ ಬಂತು.

"ಇನ್ನೊಂದ್ಸಲ" ಅಂದೆ. ಮೀಟಿದಳು. "ಇನ್ನೊಂದ್ಸಲ." ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ.

"ಅಜ್ಜ," ಅಂದಳು ಕೊನೆಗೆ, "ಇನ್ನೂ ಮೂರು ತಂತಿ ಇದಾವೆ."