ಕೆಂಪು ಚಿಂದಿ ಕಟ್ಟಿದ ತೆನೆ

ಬೀದರಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಇವತ್ತು ಬೆಳಿಗ್ಗೆಯಿಂದ ಒಂದು ಜೋಳದ ತೆನೆ ನೇತಾಡುತ್ತಿದೆ. ಅದರ ಕುತ್ತಿಗೆಗೆ ಕೆಂಪು ಚಿಂದಿ ಕಟ್ಟಿದೆ. ಚಿಂತಾಕಿಯಲ್ಲಿರುವ ನನ್ನ ಸೋದರತ್ತೆ ನಿನ್ನೆ ಔರಾದ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದ್ದು. ಆ ಚಿಂದಿ ಕಂಡಾಗಿನಿಂದ ನನ್ನ ಕಿವಿ ಬಿಸಿಯಾಗಿದೆ. ಯಾಕೆಂದು ಹೇಳುತ್ತೇನೆ, ನಗು ಬಂದರೆ ನಕ್ಕುಬಿಡಿ.

ಹೋದ ವರ್ಷ ಇದೇ ದಿನಗಳಲ್ಲಿ ನನ್ನ ನಿದ್ದೆ ಹಾರಿಹೋಗಿತ್ತು. ಕಚೇರಿಯಲ್ಲಿ ಸಾಹೇಬರು ಅಂದದ್ದಕ್ಕೆಲ್ಲ ತಲೆಯಾಡಿಸಿ, ಮನೆಗೆ ಬಂದು ಸಿಕ್ಕಿದ್ದರ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಒಂದು ದಿನ ಚಟ್ನಿ ರುಬ್ಬುತ್ತಿದ್ದ ಮಿಕ್ಸರಿಗೆ ‘ಬಾಯಿ ಮುಚ್ಚು’ ಎಂದೆ. ಅದು ಮುಚ್ಚಲಿಲ್ಲ, ಹೆಂಡತಿ ಮೂರು ದಿನ ಮುಚ್ಚಿದಳು. ನಾಲ್ಕನೆಯ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

“ಗುಳಿಗಿ ಬ್ಯಾಡ್ರಿ. ಒಂದ್ ವಾರ ಹಸರಾಗ ಅಡ್ಡಾಡ್ರಿ, ಹಕ್ಕಿ ದನಿ ಕೇಳ್ರಿ,” ಎಂದರು ಅವರು.

ನಾನು ಓದಿದವನಲ್ಲವೇ? ಹಕ್ಕಿ ದನಿಗೂ ಒಂದು ಆ್ಯಪ್ ಇಳಿಸಿಕೊಂಡೆ. ಕಣ್ಣು ಮುಚ್ಚಿ ಉಸಿರೆಳೆದರೆ ಕಿವಿಯಲ್ಲಿ ಹಕ್ಕಿಗಳು ಹಾಡುತ್ತವೆ. ಅದನ್ನು ಕಿವಿಗೆ ಸಿಕ್ಕಿಸಿಕೊಂಡೇ ಚಿಂತಾಕಿಗೆ ಹೋದೆ.

ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಅಣ್ಣನ ಮಗನೆಂದರೆ ಅಳಿಯ. ಅಳಿಯನ ಮೇಲೆ ದನಿ ಏರಿಸುವಂತಿಲ್ಲ. ನಾನು ಚಡ್ಡಿ ಹಾಕುವುದನ್ನು ಕಲಿಯುವ ಮೊದಲೇ ಅವಳು ನನಗೆ ‘ಬರ್ರಿ, ಕೂಡ್ರಿ’ ಎನ್ನುತ್ತಿದ್ದಳು. ಒಮ್ಮೆ ನಾನು ಅವಳ ತುಪ್ಪದ ಗಡಿಗೆ ಒಡೆದಾಗಲೂ ‘ಕಾಲಿಗಿ ಹತ್ತಿತೇನ್ರಿ?’ ಎಂದು ಕೇಳಿ, ಹೊರಗೆ ಹೋಗಿ ಬೆಕ್ಕಿಗೆ ಅರ್ಧ ಗಂಟೆ ಬೈದಿದ್ದಳು. ಬೆಕ್ಕು ಪಾಪ ಬಿಸಿಲಿಗೆ ಮಲಗಿತ್ತು.

ನಾನು ಹೋದ ಮರುದಿನ ಭಾಲ್ಕಿಯಲ್ಲಿ ನೆಂಟರ ಮನೆಯ ಬಸುರಿಗೆ ಕುಬಸದ ಕಾರ್ಯ. ಅತ್ತೆ ಹೊರಡುವ ಮೊದಲು ನನ್ನನ್ನು ಜೋಳದ ಹೊಲಕ್ಕೆ ಕರೆದೊಯ್ದಳು. ದಪ್ಪ ತೆನೆಗಳನ್ನು ಆರಿಸಿ ಕೆಂಪು ಚಿಂದಿ ಕಟ್ಟಿದ್ದಳು. ಕಾಳು ಬಲಿಯಲು ಇನ್ನೊಂದು ವಾರ ಬೇಕಿತ್ತು.

“ಇವು ಬೀಜದ ತೆನಿ ಅವ ನೋಡ್ರಿ. ನಮ್ಮತ್ತಿ ನನ್ನ ಕೈಯಾಗ ಕೊಟ್ಟ ಜೋಳ, ಯಾ ದುಕಾನದಾಗೂ ಸಿಗಂಗಿಲ್ಲ. ಉಳಿದಿದ್ದು ಹೋದ್ರ ಹೋಗ್ಲಿ, ಇವು ಹೋದ್ರ ಬೀಜನೇ ಹೋದಂಗ. ಅಟ್ಟದ ಮ್ಯಾಲ ಕುಂತು, ಹಕ್ಕಿ ಬಂದ್ರ ಡಬ್ಬಿ ಬಡೀರಿ, ಕೂಗ್ತಿರ್ರಿ.”

“ನಾ ಇದ್ದೇನಲ್ರಿ ಅತ್ತಿ, ಚಿಂತಿ ಬ್ಯಾಡ,” ಎಂದೆ.

ನಾಲ್ಕು ಕಂಬದ ಆ ಅಟ್ಟ ಹತ್ತಿದರೆ ಸುತ್ತ ಜೋಳ, ಮೇಲೆ ಗಾಳಿ. ಡಾಕ್ಟರು ಹೇಳಿದ್ದು ಇದೇ ಎನ್ನಿಸಿತು. ಡಬ್ಬಿಯನ್ನು ಪಕ್ಕಕ್ಕಿಟ್ಟು, ಹತ್ತೇ ನಿಮಿಷ ಎಂದುಕೊಂಡು ಕಣ್ಣು ಮುಚ್ಚಿದೆ. ಅಬ್ಬಾ, ಎಂಥ ದನಿಗಳು! ಆ್ಯಪ್ ಅಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲ. ಅದನ್ನು ಮಾಡಿದವರನ್ನು ಮನಸ್ಸಿನಲ್ಲೇ ಹರಸಿದೆ. ಕಣ್ಣು ತೆರೆದಾಗ ಹೊತ್ತು ಇಳಿದಿತ್ತು. ಮೊಬೈಲು ಸತ್ತು ಎಷ್ಟು ಹೊತ್ತಾಗಿತ್ತೋ ಏನೋ. ಹಾಡುತ್ತಿದ್ದವರೆಲ್ಲ ತೆನೆಗಳ ಮೇಲೆ ಕೂತು ಉಣ್ಣುತ್ತಿದ್ದರು.

ಭಾಲ್ಕಿಯಿಂದ ಬಂದ ಅತ್ತೆ ಒಂದೊಂದೇ ಚಿಂದಿ ಮುಟ್ಟುತ್ತ ಸಾಲು ಮುಗಿಸಿದಳು. ಕಾಳು ಉಳಿದದ್ದು ಆರು ತೆನೆಗಳಲ್ಲಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಬಿಸಲಾಗ ಕುಂತಿದ್ರಿ, ಮಜ್ಜಿಗಿ ಕುಡೀರಿ,” ಎಂದಷ್ಟೇ ಹೇಳಿ ಅವಳು ಅಟ್ಟ ಹತ್ತಿದಳು. ಅಲ್ಲಿಂದ ಹಕ್ಕಿಗಳಿಗೆ ಶುರುವಾಯಿತು.

“ಏ ಹಾಟ್ಯಾಗೋಳ್ಯಾ, ಓದಿ ಬರ್ದು ಕಣ್ಣ ಮುಚ್ಕೊಂಡ್ ಕೂಡ್ತೀರೇನು? ಬೀದರದಾಗ ಮನಿ ಕಟ್ಟೀರಿ, ನಾಕ್ ತೆನಿ ಕಾಯಾಕ ಬರಂಗಿಲ್ಲ? ನಮ್ಮತ್ತಿಗಿ ಏನಂತ ಹೇಳ್ಲಿ ನಾ?”

ಬೀದರಿನಲ್ಲಿ ಮನೆ ಕಟ್ಟಿದ ಗುಬ್ಬಿ ಯಾವುದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

ಆ ಆರು ತೆನೆ ಕಾಯಲು ಮರುದಿನ ಬೆಳಗಾಗುವ ಮೊದಲೇ ನಾನೇ ಅಟ್ಟ ಹತ್ತಿದೆ. “ಹೋಗ್ರಿ, ಹೋಗ್ರಿ,” ಎಂದೆ. ಕೆಳಗೆ ಕಳೆ ಕೀಳುತ್ತಿದ್ದ ಅತ್ತೆ ತಲೆಯೆತ್ತಿದಳು.

“ಹಕ್ಕಿಗೋಳಿಗಿ ಅರ್ಜಿ ಕೊಡ್ತೀರೇನ್ರಿ? ಹೊಟ್ಟ್ಯಾಗಿಂದು ತಗೀರಿ.”

ತೆಗೆದೆ. ಸಾಹೇಬರಿಗೆ ಹೇಳದೆ ನುಂಗಿಕೊಂಡದ್ದನ್ನೆಲ್ಲ ಗುಬ್ಬಿಗಳಿಗೆ ಹೇಳಿದೆ. ಒಂದು ಗಿಳಿಗಂತೂ ಅವರ ಹೆಸರಿಟ್ಟೇ ಬೈದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಹೋಯಿತು. ರೊಟ್ಟಿ ತಿಂದು ಬೇವಿನ ಕೆಳಗೆ ಒರಗಿದವನಿಗೆ ಅತ್ತೆ ಎಬ್ಬಿಸುವವರೆಗೆ ಎಚ್ಚರವಿಲ್ಲ. ವಾರವಿಡೀ ಹೀಗೇ ನಡೆಯಿತು. ಆರೂ ತೆನೆ ಮನೆ ಸೇರಿದವು.

ಈಗ ಬೀಜದ ತೆನೆಯನ್ನೇ ಕಳಿಸಿದ್ದಾಳಲ್ಲ ಎಂದು ಗಾಬರಿಯಾಗಿ ಬೆಳಿಗ್ಗೆ ಫೋನು ಮಾಡಿದೆ.

“ಆ ಆರು ತೆನಿ ಬಿತ್ತಿದ್ದು ಹೊಲದಾಗ ಅರ್ಧ ಪಟ್ಟಿ ಬೆಳದದ್ರಿ, ಬೀಜಕ್ಕ ಸಾಕು,” ಎಂದಳು. “ಅದನ್ನ ಅಲ್ಲಿ ಹಕ್ಕಿಗೋಳಿಗಿ ಕಟ್ರಿ. ಹ್ವಾದ ವರ್ಷ ನಿಮ್ಮ ಪಾಲಿನ ಬೈಗಳ ಪಾಪ, ಅವು ತಿಂದಾವು.”

ಈಗಷ್ಟೇ ಒಂದು ಗುಬ್ಬಿ ಬಂದು ಚಿಂದಿಯ ಮೇಲೆ ಕೂತಿದೆ. ರೂಢಿಯಂತೆ ಕೂಗಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಕಣ್ಣು ಮಾತ್ರ ಮುಚ್ಚಲಿಲ್ಲ.