ಪೆನ್ಸಿಲ್ ಗೆರೆ ಇಲ್ಲದ ಹೆಡ್

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಮಿರ್ದಿಫ್ ಬಡಾವಣೆಯ ನಮ್ಮ ಮನೆಯ ಕಪಾಟು ಖಾಲಿ ಮಾಡುವಾಗ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಟ್ರೈಪಾಡ್ ಹೆಡ್ ಸಿಕ್ಕಿತು. ಬಿಚ್ಚಿದ ಕೂಡಲೇ ಗ್ರೀಸಿನ ವಾಸನೆ. ಅದರ ಹಿಂದೆಯೇ ಕಾಕ ನೆನಪಿಗೆ ಬಂದರು...

ಹತ್ತು ವರ್ಷದ ಹಿಂದೆ ಇದೇ ಊರಿನ ದೇರಾದ ಒಂದು ಅಂಗಡಿಯಲ್ಲಿ ನಾನು ಸೇಲ್ಸ್‌ಮನ್, ಕಾಕ ರಿಪೇರಿಯವರು. ಅವರು ಉಳ್ಳಾಲದ ಬ್ಯಾರಿ; ಬ್ಯಾರಿಗಳು ಹಿರಿಯರನ್ನು ಕಾಕ ಎನ್ನುತ್ತಾರೆ. ಮಂಗಳೂರಿನ ಕೊಂಕಣಿಯವನಾದ ನನಗೂ ಅವರು ಕಾಕನೇ. ಬಂದೂಕು ನಾವು ಮಾರುತ್ತಿರಲಿಲ್ಲ. ದುರ್ಬೀನು, ಟ್ರೈಪಾಡು, ಟ್ರೈಪಾಡಿನ ಮೇಲೆ ಬಂದೂಕನ್ನು ಕಚ್ಚಿ ಹಿಡಿಯುವ ಹೆಡ್ಡು, ಇಷ್ಟೇ. ಅಬುಧಾಬಿಯ ಶೂಟಿಂಗ್ ಕ್ಲಬ್ಬಿನವರೂ ಕಾಕನನ್ನು ಹುಡುಕಿಕೊಂಡು ಬರುತ್ತಿದ್ದರು.

ಹೊಸ ಹೆಡ್ ಬಂದರೆ ಕಾಕ ಅದಕ್ಕೊಂದು ಹಲಗೆ ಕಚ್ಚಿಸಿ, ಹಲಗೆಯ ತುದಿಗೆ ಐದು ಕಿಲೋ ಅಕ್ಕಿಚೀಲ ತೂಗುಹಾಕುತ್ತಿದ್ದರು. ಲಾಕ್ ಬಿಗಿದು, ಹೆಡ್ಡಿನೊಳಗೆ ತಿರುಗುವ ಚೆಂಡಿನಿಂದ ಹೊರಗಿನ ಕವಚದವರೆಗೆ ಪೆನ್ಸಿಲ್ಲಿನಲ್ಲಿ ಒಂದೇ ಗೆರೆ. ಆಮೇಲೆ ಮಧ್ಯಾಹ್ನದ ನಮಾಜಿಗೆ ಹೋಗುವರು. ಬಂದು ನೋಡುವಾಗ ಗೆರೆ ತುಂಡಾಗಿದ್ದರೆ ಚೆಂಡು ಜಾರಿದೆ ಎಂದರ್ಥ, ಆ ಹೆಡ್ ಕಂಪೆನಿಗೆ ವಾಪಸ್.

"ಕೈಯಲ್ಲಿ ಅಲ್ಲಾಡಿಸಿದ್ರೆ ಎಲ್ಲವೂ ಗಟ್ಟಿಯೇ ಮಾರಾಯ. ಬಂದೂಕಿನ ಭಾರ ಮೂತಿಗೆ ಎಳೀತದೆ. ಅದನ್ನು ಎಷ್ಟು ಹೊತ್ತು ತಡೀತದೆ ಅಂತ ನೋಡ್ಬೇಕು" ಎನ್ನುತ್ತಿದ್ದರು.

ಕೊನೆಯ ವರ್ಷ ಅವರ ಬಲಗೈ ನಡುಗತೊಡಗಿತು. ಎಡಗೈಯಲ್ಲಿ ಬಲಗೈಯನ್ನು ಹಿಡಿದು ಗೆರೆ ಎಳೆಯುತ್ತಿದ್ದರು. "ಮುದೀರ್‌ಗೆ ಹೇಳ್ಬೇಡ ಆಯ್ತಾ. ಮಗಳ ನರ್ಸಿಂಗ್ ಮುಗಿಯಲಿಕ್ಕೆ ಇನ್ನೊಂದು ವರ್ಷ ಉಂಟು. ಅಷ್ಟರವರೆಗೆ ವೀಸಾ ಇದ್ರೆ ಸಾಕು" ಎಂದಿದ್ದರು. ಮುದೀರ್ ಎಂದರೆ ನಮ್ಮ ಮ್ಯಾನೇಜರ್. ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ.

ಒಂದು ಮಧ್ಯಾಹ್ನ ಕಾಕ ನಮಾಜಿಗೆ ಹೋಗಿದ್ದಾಗ ಅಬುಧಾಬಿಯ ಗಿರಾಕಿಯೊಬ್ಬ ಬಂದು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದ. ಪರೀಕ್ಷೆಯಾದ ಹೆಡ್ ಯಾವುದೂ ಇರಲಿಲ್ಲ. ನಾನು ಹೊಸ ಪೆಟ್ಟಿಗೆ ಒಡೆದು, ಕೈಯಲ್ಲಿ ತಿರುಚಿ ನೋಡಿ, ಗಟ್ಟಿ ಉಂಟೆಂದು ಕೊಟ್ಟುಬಿಟ್ಟೆ. ನನ್ನ ಬುದ್ಧಿಗೆ ಮಣ್ಣು ಬೀಳಲಿ.

ವಾರದೊಳಗೆ ಅವನು ವಾಪಸ್ ಬಂದ. ಹೆಡ್ ಜಾರಿ ಬಂದೂಕು ಮುಂದಕ್ಕೆ ಮಗುಚಿತ್ತು, ಮೇಲಿನ ಗುರಿ ನೋಡುವ ಸ್ಕೋಪ್ ಒಡೆದಿತ್ತು. ಪುಣ್ಯಕ್ಕೆ ಗುಂಡು ತುಂಬಿರಲಿಲ್ಲ. ಇದನ್ನು ಪಾಸ್ ಮಾಡಿದ್ದು ಯಾರೆಂದು ಮುದೀರ್ ಕೇಳಿದರು.

ಕಾಕ ಹೆಡ್ಡನ್ನು ಕೈಗೆತ್ತಿಕೊಂಡು ಸುತ್ತ ತಿರುಗಿಸಿ ಗೆರೆ ಹುಡುಕಿದರು. ಗೆರೆ ಇರಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು. ನನ್ನ ವೀಸಾ ನವೀಕರಣದ ಕಾಗದ ಮುದೀರ್ ಮೇಜಿನ ಮೇಲಿತ್ತು. ನಾನು ಬಾಯಿ ಬಿಡಲಿಲ್ಲ. ಕಾಕನೂ ಬಿಡಲಿಲ್ಲ. ಹೆಡ್ಡನ್ನು ಕೆಳಗಿಡುವಾಗ ಅದು ಕೌಂಟರಿನ ಗಾಜಿಗೆ ಟಕಟಕ ಬಡಿಯಿತು. ಮುದೀರ್ ಆ ಕೈಯನ್ನೇ ನೋಡಿದರು. "ಖಲಾಸ್" ಎಂದರು.

ಕೆಲಸ, ವೀಸಾ ಎರಡೂ ಹೋದ ಕಾಕನನ್ನು ಏರ್‌ಪೋರ್ಟಿಗೆ ಬಿಟ್ಟವನು ನಾನೇ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ... ಇಳಿಯುವಾಗ ಅವರೇ ಹೇಳಿದರು: "ಅಕ್ಕಿಚೀಲ ಮೇಜಿನಡಿಯಲ್ಲಿ ಉಂಟು. ಹುಳ ಆಗುವ ಮೊದಲು ಅಕ್ಕಿ ಬದಲಿಸು."

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಅವರು ಊರಿಗೆ ಹೋದ ವರ್ಷವೇ ಮಗಳು ಓದು ಬಿಟ್ಟಿದ್ದಳಂತೆ. ಹೌದೋ ಅಲ್ಲವೋ ಎಂದು ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ.

ಮುದೀರ್ ಎಸೆಯಲು ಹೇಳಿದ ಆ ಹೆಡ್ಡನ್ನು ಮನೆಗೆ ತಂದಿದ್ದೆ. ಮೊನ್ನೆ ಅದಕ್ಕೆ ಹಲಗೆ ಕಚ್ಚಿಸಿ, ಅಕ್ಕಿ ತೂಗುಹಾಕಿ, ಗೆರೆ ಎಳೆದು ಎದುರು ಕುಳಿತೆ. ಅರ್ಧ ಗಂಟೆಯಲ್ಲಿ ಗೆರೆ ತುಂಡಾಗಿ ಒಂದು ಅಕ್ಕಿಕಾಳಿನಷ್ಟು ಸರಿದಿತ್ತು.

"ಕೊಟ್ಟದ್ದು ನಾನು, ಕಾಕ" ಎಂದೆ.

ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಯಾರೂ ಇಲ್ಲ ಎಂದೆ.